ಸುಡುವ ಬಂಡೆ, ಸುದ್ದಿ ತಾರದ ಕಾಲು

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಚಪ್ಪಲಿ ಹಾಕಿಕೊಂಡು ಹತ್ತುವಂತಿಲ್ಲ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ, ಇಲ್ಲವೇ ಕಾಲುಚೀಲ ತೊಟ್ಟು ಏರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಕೆಳಗೆ ನಿಂತು ನೋಡಿ. ಇಳಿದು ಬರುವವರು ಯಾರೂ ನೆಟ್ಟಗೆ ನಡೆಯುವುದಿಲ್ಲ. ಒಮ್ಮೆ ಹಿಮ್ಮಡಿ ಊರಿ, ಒಮ್ಮೆ ಬೆರಳ ತುದಿ ಊರಿ, ತುಸು ನೆರಳು ಸಿಕ್ಕಿದಲ್ಲಿ ನಿಂತು ಮತ್ತೆ ಓಡುತ್ತಾರೆ. ಚನ್ನರಾಯಪಟ್ಟಣದವರಾದ ನಮಗೆ ಬೆಟ್ಟ ಹತ್ತು-ಹನ್ನೆರಡು ಕಿಲೋಮೀಟರ್ ದೂರ. ನೆಂಟರು ಬಂದರೆ ಗೊಮ್ಮಟನನ್ನು ತೋರಿಸದೆ ಕಳುಹಿಸುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ಹೀಗಾಗಿ ಈ ಕುಣಿತವನ್ನು ಬಾಲ್ಯದಿಂದಲೂ ನೋಡಿದ್ದೇನೆ.

ಕುಣಿಸುವುದು ನರಗಳು. ಅಂಗಾಲಿನ ಚರ್ಮದ ತುಂಬ ನರಗಳ ತುದಿಗಳು ಹರಡಿಕೊಂಡಿವೆ. ಒತ್ತಡಕ್ಕೆ ಒಂದು ಬಗೆ, ತಂಪಿಗೆ ಒಂದು, ಸುಡುವ ಬಿಸಿಗೆ ಇನ್ನೊಂದು. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಲವು ನರತುದಿಗಳಲ್ಲಿರುವ ಅತಿ ಪುಟ್ಟ ಬಾಗಿಲೊಂದು ತೆರೆದು ವಿದ್ಯುತ್ತಿನ ಮಿಡಿತ ಹೊರಡುತ್ತದೆ. ಮೆಣಸಿನಕಾಯಿಯ ಖಾರಕ್ಕೂ ತೆರೆಯುವುದು ಇದೇ ಬಾಗಿಲು. ಖಾರ ತಿಂದಾಗಲೂ ಬಿಸಿ ಕಾಫಿ ಕುಡಿದಾಗಲೂ ‘ಬಾಯಿ ಉರಿಯುತ್ತಿದೆ’ ಎಂದೇ ಹೇಳುವ ಕನ್ನಡಿಗರಿಗೆ ಇದು ಮೊದಲೇ ಗೊತ್ತಿತ್ತೇನೋ! ಖಾರದ ಜಾಡು ಹಿಡಿದು ಈ ಬಾಗಿಲನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ, ಮತ್ತು ಒತ್ತಡವನ್ನು ಅರಿಯುವ ಬಾಗಿಲುಗಳನ್ನು ಕಂಡುಹಿಡಿದ, ಬೈರೂತ್‌ನಲ್ಲಿ ಹುಟ್ಟಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಸಂದಿತು.

ಮಿಡಿತ ಬೆನ್ನುಹುರಿಯತ್ತ ಓಡುತ್ತದೆ. ಕಾಲ್ಬೆರಳಿನಿಂದ ಸೊಂಟದ ತನಕ ಒಂದೇ ಎಳೆ, ಸುಮಾರು ಒಂದು ಮೀಟರ್ ಉದ್ದ. ವೇಗದ ಎಳೆಗಳು ‘ಚುರುಕ್’ ಎಂಬ ಮೊದಲ ಸುದ್ದಿ ತರುತ್ತವೆ. ಸೆಕೆಂಡಿಗೆ ಒಂದು ಮೀಟರಿನಷ್ಟೇ ಸಾಗುವ ತೆಳು ಎಳೆಗಳು ಉರಿಯನ್ನು ಹೊತ್ತು ಹಿಂದಿನಿಂದ ಬರುತ್ತವೆ. ಮಿದುಳಿಗೆ ವಿಷಯ ತಿಳಿಯುವ ಮೊದಲೇ ಬೆನ್ನುಹುರಿ ಸುಟ್ಟ ಕಾಲನ್ನು ಎತ್ತಿಸಿ, ಇನ್ನೊಂದನ್ನು ಬಿಗಿಮಾಡಿ, ನಾವು ಬೀಳದಂತೆ ನೋಡಿಕೊಂಡಿರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಚಾಚಾ ಮಂಗಳೂರಿನ ನೆಂಟರನ್ನು ಬೆಟ್ಟಕ್ಕೆ ಕರೆದೊಯ್ದರು. ಎಲ್ಲರೂ ಕುಣಿಯುತ್ತಿದ್ದರೆ ಚಾಚಾ ಮಾತ್ರ ಮದುವೆ ಮನೆಯ ಯಜಮಾನರ ಹಾಗೆ ನಿಧಾನವಾಗಿ ಇಳಿದರಂತೆ. “ಏನ್ರಪ್ಪಾ, ಇಷ್ಟು ಬಿಸಿಗೇ ಹೀಗಾಡ್ತೀರಲ್ಲ” ಎಂದು ನಕ್ಕರಂತೆ. ರಾತ್ರಿ ಹಾಸಿಗೆ ಒದ್ದೆಯಾದದ್ದನ್ನು ಕಂಡು ಚಾಚಿ ಕಾಲೆತ್ತಿ ನೋಡಿದರೆ ಎರಡೂ ಅಂಗಾಲಲ್ಲಿ ನೀರುಗುಳ್ಳೆಗಳೆದ್ದು ಒಡೆದಿದ್ದವು. ಚಾಚಾಗೆ ನೋವೇ ಇರಲಿಲ್ಲ.

ಅವರದು ಹದಿನೈದು ವರ್ಷದ ಸಕ್ಕರೆ ಕಾಯಿಲೆ. ರಕ್ತದಲ್ಲಿ ಹೆಚ್ಚಿದ ಸಕ್ಕರೆ ನರಗಳನ್ನೂ, ಅವಕ್ಕೆ ಆಹಾರ ಒದಗಿಸುವ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಅತಿ ಉದ್ದದ ಎಳೆಗೇ ಮೊದಲ ಏಟು. ಆದ್ದರಿಂದ ಮರಗಟ್ಟುವುದು ಕಾಲ್ಬೆರಳಲ್ಲಿ ಶುರುವಾಗಿ, ಕಾಲುಚೀಲ ಎಳೆದುಕೊಂಡ ಹಾಗೆ ಮೇಲೇರುತ್ತದೆ. ಅದಕ್ಕೂ ಮುಂಚೆ ಎರಡು-ಮೂರು ವರ್ಷ ಚಾಚಾ ರಾತ್ರಿಯೆಲ್ಲ ‘ಅಂಗಾಲು ಉರಿ’ ಎಂದು ಒದ್ದಾಡುತ್ತಿದ್ದರು. ಕೆಡುತ್ತಿರುವ ನರ ಬೆಂಕಿಯಿಲ್ಲದೆಯೂ ಬೆಂಕಿಯ ಸುದ್ದಿ ಕಳುಹಿಸುತ್ತದೆ. ಹರಳೆಣ್ಣೆ ಹಚ್ಚಿಸಿಕೊಂಡರು. ಆಮೇಲೆ ಉರಿ ನಿಂತಿತು. ಹರಳೆಣ್ಣೆಯಿಂದಲೇ ವಾಸಿಯಾಯಿತೆಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ನಿಜಕ್ಕೂ ಆಗಿದ್ದೇನೆಂದರೆ ಸುದ್ದಿ ತರುವ ಎಳೆಗಳೇ ಸತ್ತಿದ್ದವು.

ನೋವಿಲ್ಲದಿರುವುದು ಎಂಥ ಅಪಾಯವೆಂದು ತೋರಿಸಿದ ಕೆಲಸ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ನಡೆಯಿತು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರು. ರೋಗವೇ ಬೆರಳನ್ನು ತಿನ್ನುತ್ತದೆಂದು ಜನ ನಂಬಿದ್ದರು. ರೋಗಾಣು ಕೆಡಿಸುವುದು ನರವನ್ನು. ನೋವು ತಿಳಿಯದ ರೋಗಿ ಸುಟ್ಟರೂ ಕುಯ್ದರೂ ಅದೇ ಕೈಯಲ್ಲಿ ಕೆಲಸ ಮುಂದುವರಿಸುತ್ತಾನೆ, ಬೆರಳು ಹೋಗುವುದು ಹಾಗೆ ಎಂದು ಅವರು ತೋರಿಸಿಕೊಟ್ಟರು. ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರ್ ಅಟ್ಟೆಯ ಚಪ್ಪಲಿಯನ್ನೇ ಈಗ ಸಕ್ಕರೆ ಕಾಯಿಲೆಯವರಿಗೂ ಕೊಡುತ್ತಾರೆ.

ಇದನ್ನೆಲ್ಲ ತಿಳಿದ ಮೇಲೆ ಬೆಟ್ಟದ ಮೇಲಿನ ಬಾಹುಬಲಿಯನ್ನೂ ಬೇರೆಯಾಗಿ ನೋಡತೊಡಗಿದೆ. ಆ 58 ಅಡಿಯ ಮೂರ್ತಿಯನ್ನು ಕ್ರಿ.ಶ. 981ರ ಸುಮಾರಿಗೆ ಕೆತ್ತಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಕಾಲ ಬಳಿ ಹುತ್ತ, ಹಾವು. ತೊಡೆಗೂ ತೋಳಿಗೂ ಸುತ್ತಿದ ಬಳ್ಳಿ. ಮುಖದಲ್ಲಿ ಕದಲಿಕೆಯಿಲ್ಲ. ಬಳ್ಳಿ ತಾಗಿದ್ದು ಅವನಿಗೆ ತಿಳಿಯದೆ ಇರಲಿಲ್ಲ, ತಿಳಿದೂ ಕದಲಲಿಲ್ಲ, ತಪಸ್ಸು ಎಂದರೆ ಅದೇ ಎಂದು ನನ್ನ ಜೈನ ಗೆಳೆಯರೊಬ್ಬರು ವಿವರಿಸಿದರು. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ಗಿಡಬಳ್ಳಿಗಳಿಗೆ ಒಂದೇ ಒಂದು, ಅದು ಸ್ಪರ್ಶ. ಅಂದರೆ ಬಾಹುಬಲಿಯ ಕಾಲಿನ ಬಳ್ಳಿಗೂ ಇದ್ದದ್ದು ನಮ್ಮ ಚಾಚಾರ ಕಾಲಿಗೆ ಇರಲಿಲ್ಲ.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಕಾಲು ಉಳಿಯಿತು, ಎಡಗಾಲಿನ ಕಿರುಬೆರಳು ಹೋಯಿತು. ಅಷ್ಟು ವರ್ಷ ಅವರ ಸಕ್ಕರೆ ಅಳೆದವರು ಒಮ್ಮೆಯೂ ಚಪ್ಪಲಿ ಬಿಚ್ಚಿಸಿ ಕಾಲು ನೋಡಿರಲಿಲ್ಲ ಎಂಬುದೇ ನನ್ನ ಸಿಟ್ಟು. ಪರೀಕ್ಷೆಗೆ ಬೇಕಾದದ್ದು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಕಣ್ಣು ಮುಚ್ಚಿಸಿ ಅಂಗಾಲಿಗೆ ಅಲ್ಲಲ್ಲಿ ತಾಗಿಸಿ ಕೇಳುತ್ತಾರೆ, ಅಷ್ಟೆ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ವುಝೂ ಮಾಡುವವರು ಹೇಗೂ ದಿನಕ್ಕೆ ಹಲವು ಬಾರಿ ಕಾಲು ತೊಳೆಯುತ್ತಾರೆ. ಆಗಲೇ ಅಂಗಾಲನ್ನು ನೋಡಿಕೊಂಡು ಬೆರಳ ಸಂದಿನ ತೇವ ಒರೆಸಿಕೊಳ್ಳಬಹುದು. ಬಿಸಿನೀರಿನ ಹದವನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ಇನ್ನು ಬೆಟ್ಟ: ಕಾಲಲ್ಲಿ ಸ್ಪರ್ಶ ಕುಂದಿದವರು ಕಾಲುಚೀಲವನ್ನು ನಂಬದೆ, ಬಂಡೆ ಕಾಯುವ ಮುನ್ನವೇ ಹತ್ತಿ ಇಳಿಯುವುದು ಲೇಸು.

ಚಾಚಾಗೆ ಆ ಪರೀಕ್ಷೆ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಹತ್ತು ಕಡೆ ಎಳೆ ತಾಗಿತು, ಎಂಟು ಕಡೆ ಸುಮ್ಮನಿದ್ದರು. ಕೊನೆಗೊಮ್ಮೆ ಡಾಕ್ಟರು ಎಳೆ ತಾಗಿಸದೆಯೇ “ಈಗ?” ಎಂದರು. “ಹ್ಞೂಂ, ಈಗ ಗೊತ್ತಾಯ್ತು” ಎಂದರು ಚಾಚಾ.