ಬೆರಳ ತುದಿಯ ಜೋಮು

ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ನಾನೊಂದು ನೋಟ್‌ಬುಕ್ ಕೊಂಡೆ. ಎಡಪುಟದಲ್ಲಿ ಮಾತ್ರೆಯ ಹೊತ್ತು, ಬಲಪುಟದಲ್ಲಿ ಜ್ವರ, ವಾಂತಿ, ರಕ್ತದ ಕೌಂಟು. ಮೂರು ವಾರಕ್ಕೊಂದರಂತೆ 4 ಕೀಮೋ ಮುಗಿದವು. ಕೆಂಪು ಔಷಧಿ ಇಳಿಯುವಾಗ ಅಮ್ಮ, "ಕುಂಕುಮದ ನೀರಿನ ಹಾಗಿದೆ ಕಣೇ" ಎಂದು ಮುಖ ತಿರುಗಿಸುತ್ತಿದ್ದಳು. ಆಮೇಲೆ ವಾರಕ್ಕೊಂದು ಪ್ಯಾಕ್ಲಿಟ್ಯಾಕ್ಸೆಲ್, ಒಟ್ಟು 12. ವಾಂತಿ ನಿಂತಿತು. ಬಲಪುಟ ಖಾಲಿಯಾಗುತ್ತಾ ಬಂದಂತೆ ನನಗೆ ಧೈರ್ಯ ಬಂತು.

ಎಂಟನೇ ವಾರ ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ದೋಸೆ ಹುಯ್ಯುತ್ತಾ ನಿಂತಿದ್ದಳು. ಕಾವಲಿಗೆ ತಾಗಿದ ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

"ಯಾವಾಗಿನಿಂದಮ್ಮಾ ಹೀಗೆ?"

"ಒಂದು ತಿಂಗಳಾಯ್ತು. ಬರೀ ಜೋಮು. ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತಾರೇನೋ ಅಂತ... ನೀನು ಇಷ್ಟು ರಜೆ ಹಾಕಿ ಓಡಾಡ್ತಿದ್ದೀಯ."

ರವಿಕೆಯ ಹುಕ್ಕು ಹಾಕಲಾಗದೆ ಅವಳು ನೈಟಿಯಲ್ಲೇ ಇರುತ್ತಿದ್ದಳು, ಸೆಖೆಗೆ ಅಂದುಕೊಂಡಿದ್ದೆ. ಮಲ್ಲಿಗೆ ಕಟ್ಟುವುದನ್ನು ಬಿಟ್ಟಿದ್ದಳು. ಕೂದಲು ಹೋದ ಬೇಸರ ಅಂದುಕೊಂಡಿದ್ದೆ. ದಿನಾ ಅವಳನ್ನು ಅಷ್ಟೊಂದು ಪ್ರಶ್ನೆ ಕೇಳುತ್ತಿದ್ದವಳು ಕೈಯನ್ನೊಮ್ಮೆ ಹಿಡಿದು ನೋಡಿರಲಿಲ್ಲ.

ಡಾಕ್ಟರು ಬೈಯಲಿಲ್ಲ. ಈ ಔಷಧಿ ಕೈಕಾಲಿನ ನರಗಳಿಗೆ ತೊಂದರೆ ಕೊಡುತ್ತದೆ, ಮೊದಲೇ ಹೇಳಬೇಕಿತ್ತು ಎಂದು ಪ್ರಮಾಣ ಇಳಿಸಿದರು. ಚಿಕಿತ್ಸೆ ನಿಲ್ಲಲಿಲ್ಲ.

ಅದೆಲ್ಲ ಮುಗಿದು ಈಗ ವರ್ಷವಾಯಿತು. ಜೋಮು ಪೂರ್ತಿ ಹೋಗಿಲ್ಲ. ಅಮ್ಮ ಮತ್ತೆ ಮಲ್ಲಿಗೆ ಕಟ್ಟುತ್ತಾಳೆ. ಗಂಟು ಸಡಿಲ, ಬಸ್ ಹತ್ತುವಷ್ಟರಲ್ಲಿ ನಾಲ್ಕಾರು ಹೂ ಉದುರಿರುತ್ತವೆ. ಆದರೂ ದಿನಾ ಮುಡಿದುಕೊಂಡೇ ಆಫೀಸಿಗೆ ಹೋಗುತ್ತೇನೆ.