ಯಾವ ಕಡಲಿಗೆ ಇಳಿಯೋಣ ಅಜ್ಜಿ?

ಕಡಲ ತೀರದಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಎಂದು ಘಟ್ಟದ ಮೇಲಿನವರು ತಿಳಿದುಕೊಂಡಿದ್ದಾರೆ. ನನಗೆ ಬರುವುದಿಲ್ಲ. ಕುಂದಾಪುರದ ಹತ್ತಿರ, ಅಂಗಳದಲ್ಲಿ ನಿಂತರೆ ಕಡಲಿನ ಮೊರೆತ ಕೇಳಿಸುವ ಮನೆಯಲ್ಲಿ ಬೆಳೆದವಳು ನಾನು. 32 ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದೆ. ಮಾನ್ಸೂನ್ ಮಾರುತಗಳ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ 66ನೇ ವಯಸ್ಸಿನವರೆಗೂ ಕಡಲಲ್ಲಿ ಮೊಣಕಾಲು ಮುಳುಗುವಷ್ಟು ದೂರ ಹೋದವಳಲ್ಲ. ಮಗಳನ್ನೂ ಬಿಟ್ಟವಳಲ್ಲ. ಅದಕ್ಕೊಂದು ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಕಳೆದ ವರ್ಷ ಮಾರ್ಚ್‌ನಲ್ಲಿ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಮ್ಮಾ, ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಶ್ರೀಲಂಕಾಕ್ಕೆ ಹೋಗುವ. ನೀನೂ ಬರಲೇಬೇಕು." ದೇವಸ್ಥಾನ, ಆನೆ, ಚಹಾ ತೋಟ ನೋಡುವುದಾದರೆ ಬರುತ್ತೇನೆ ಎಂದೆ. ಮೊಮ್ಮಕ್ಕಳ ಪಟ್ಟಿಯೇ ಬೇರೆ ಇತ್ತು. 12 ವರ್ಷದ ಚಿನ್ನುವಿಗೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಸೆ, ಅಂದರೆ ಸರ್ಫಿಂಗ್. 9 ವರ್ಷದ ಅಪ್ಪುವಿಗೆ ಬಾಯಿಗೆ ಕೊಳವೆ ಕಚ್ಚಿ, ನೀರಿನಲ್ಲಿ ಮುಖ ಅದ್ದಿ ಮೀನು ನೋಡುವ ಆಸೆ. ಅದು ಸ್ನಾರ್ಕೆಲಿಂಗ್. ಮಗಳಿಗೆ ಸುಮ್ಮನೆ ಈಜಿದರೆ ಸಾಕು.

ಬೆಂಗಳೂರಿಗೆ ಹೋದ ದಿನವೇ ಚಿನ್ನು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. "ಎಲ್ಲ ಬೀಚೂ ಒಂದೇ ಥರ ಚೆನ್ನಾಗಿದೆ. ಯಾವ ಕಡಲಿಗೆ ಇಳಿಯೋಣ ಅಜ್ಜಿ?"

ನನ್ನೊಳಗಿನ ಭೂಗೋಳದ ಟೀಚರ್ ಎದ್ದು ಕೂತಳು. ಅಡುಗೆಮನೆಯಿಂದ ಒಂದು ಮಾವಿನಕಾಯಿ ತಂದು ಮೇಜಿನ ಮೇಲಿಟ್ಟೆ. "ಇದು ಶ್ರೀಲಂಕಾ. ಕರ್ನಾಟಕದ ಮೂರನೇ ಒಂದು ಪಾಲಿನಷ್ಟು ದೊಡ್ಡದು. ಈಗ ಎಡಗಡೆಯಿಂದ, ಕೆಳಗಿನಿಂದ ಊದು" ಎಂದೆ. ಅಪ್ಪು ಕೆನ್ನೆ ಉಬ್ಬಿಸಿ ಊದಿದ. "ಗಾಳಿ ಯಾವ ಬದಿಗೆ ತಾಗಿತು? ಯಾವ ಬದಿಗೆ ತಾಗಲಿಲ್ಲ?"

ಅಷ್ಟೇ ಪಾಠ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುತ್ತದೆ. ನಮ್ಮ ಕರಾವಳಿಗೆ ಮಳೆ ತರುವ ಗಾಳಿಯೇ ಅದು. ಆಗ ದ್ವೀಪದ ಪಶ್ಚಿಮ, ದಕ್ಷಿಣ ತೀರಗಳಲ್ಲಿ ಕಡಲು ಕೆರಳಿರುತ್ತದೆ. ಪೂರ್ವದ ನಿಲಾವೇಲಿ, ಪಾಸಿಕುಡಾ ತೀರಗಳು ದ್ವೀಪದ ಬೆನ್ನ ಹಿಂದೆ ಅಡಗಿ ಶಾಂತವಾಗಿರುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದ ಕಾಲ. ಆಗ ಲೆಕ್ಕ ತಿರುಗುಮುರುಗು. ಪೂರ್ವದಲ್ಲಿ ಅಬ್ಬರ, ನೈಋತ್ಯದಲ್ಲಿ ಬಿಸಿಲು. ಅಂದರೆ "ಯಾವ ಬೀಚು?" ಎಂದು ಕೇಳುವ ಮೊದಲು "ಯಾವ ತಿಂಗಳು?" ಎಂದು ಕೇಳಬೇಕು. ನಾವು ಹೊರಟಿದ್ದು ಮಾರ್ಚ್ ಕೊನೆಗೆ, ಎರಡು ಮಾರುತಗಳ ನಡುವಿನ ಬಿಡುವಿನಲ್ಲಿ. ದಕ್ಷಿಣ ತೀರವನ್ನೇ ಆರಿಸಿಕೊಂಡೆವು.

ಕೊಲಂಬೊದಿಂದ ಗಾಲೆಗೆ ಹೋಗುವ ರೈಲು ಕಡಲಿನ ಅಂಚಿನಲ್ಲೇ ಓಡುತ್ತದೆ. ಕೆಲವು ಕಡೆ ಅಲೆಯ ಹನಿ ಕಿಟಕಿಗೆ ಸಿಡಿಯುತ್ತದೇನೋ ಅನ್ನಿಸುತ್ತದೆ. ಹಿಕ್ಕಡುವಕ್ಕಿಂತ ಸ್ವಲ್ಪ ಮೊದಲು ಪೆರಾಲಿಯ ಎಂಬ ಊರು. 2004ರ ಡಿಸೆಂಬರ್ 26ರಂದು ಸುನಾಮಿ ಇಲ್ಲಿ ಒಂದು ರೈಲನ್ನೇ ಎತ್ತಿ ಒಗೆಯಿತು. 1,000ಕ್ಕೂ ಹೆಚ್ಚು ಜನ ತೀರಿಹೋದರು. ಅಲ್ಲಿ ಈಗ ಸ್ಮಾರಕವಿದೆ. ಮಕ್ಕಳಿಗೆ ಒಂದೇ ಮಾತು ಹೇಳಿದೆ: "ಕಡಲಿನ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದು ತಳ ಕಂಡರೆ ಚಿಪ್ಪು ಹೆಕ್ಕಲು ಹೋಗಬಾರದು. ಎತ್ತರದ ಜಾಗಕ್ಕೆ ಓಡಬೇಕು." ಇಬ್ಬರೂ ತಲೆಯಾಡಿಸಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗಾಲೆಯಿಂದ ಐದಾರು ಕಿಲೋಮೀಟರ್ ದೂರದ ಉನಾವಟುನದಲ್ಲಿ ನಮ್ಮ ವಸತಿ. ಕೊಲ್ಲಿಯ ಒಂದು ಬದಿಗೆ ರುಮಸ್ಸಲ ಎಂಬ ಹಸಿರು ಗುಡ್ಡ. ಹನುಮಂತ ಸಂಜೀವಿನಿ ಪರ್ವತವನ್ನು ಹೊತ್ತು ತರುವಾಗ ಅದರದೊಂದು ಚೂರು ಇಲ್ಲಿ ಬಿದ್ದಿತಂತೆ. ಊರಿನ ಹೆಸರಿಗೇ "ಅಲ್ಲಿ ಬಿತ್ತು" ಎಂಬ ಅರ್ಥ ಎಂದು ಅಲ್ಲಿನವರು ಹೇಳುತ್ತಾರೆ. ಅಪ್ಪುವಿಗೆ ಬಹಳ ಖುಷಿ. ಗುಡ್ಡದ ಪ್ರತಿ ಗಿಡವನ್ನೂ "ಇದು ಸಂಜೀವಿನಿಯಾ?" ಎಂದು ಕೇಳಿ ನನ್ನ ಪ್ರಾಣ ತಿಂದ.

ಉನಾವಟುನ ಈಜುವವರ ಬೀಚು. ಅರ್ಧಚಂದ್ರದಂತೆ ಬಾಗಿದ ಕೊಲ್ಲಿ, ಅದರ ಬಾಯಲ್ಲಿ ಬಂಡೆ ಮತ್ತು ಹವಳದ ದಿಬ್ಬ. ಹೊರಗಿನ ದೊಡ್ಡ ಅಲೆ ಅಲ್ಲೇ ಒಡೆದು, ಒಳಗೆ ಬರುವಾಗ ಸಣ್ಣದಾಗಿರುತ್ತದೆ. ಮಗಳು ತೀರಕ್ಕೆ ಸಮಾನಾಂತರವಾಗಿ ಅತ್ತಿಂದಿತ್ತ ಈಜಿದಳು. ಆಳದ ಕಡೆಗೆ ಹೋಗಲಿಲ್ಲ. ನಾನು ಸೀರೆ ಎತ್ತಿ ಹಿಡಿದು ಕಣಕಾಲು ನೆನೆಸಿಕೊಂಡು ಬಂದೆ. ಚಿನ್ನುವಿಗೆ ಮಾತ್ರ ಬೇಸರ. "ಇಲ್ಲಿ ಅಲೆಯೇ ಇಲ್ಲ. ಬೋರ್ಡ್ ಇಟ್ಟರೆ ನಿದ್ದೆ ಮಾಡುತ್ತದೆ!"

ಮರುದಿನ ಬೆಳಿಗ್ಗೆ ಅಪ್ಪುವಿನ ಸರದಿ. ಬಂದ ದಾರಿಯಲ್ಲೇ ಹಿಂದಕ್ಕೆ ಹಿಕ್ಕಡುವಕ್ಕೆ ಹೋದೆವು. ಅಲ್ಲಿ ತೀರಕ್ಕೆ ಅಂಟಿದಂತೆಯೇ ಹವಳದ ದಿಬ್ಬವಿದೆ. 1979ರಲ್ಲಿ ಅಭಯಧಾಮವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾಗಿ ರಕ್ಷಣೆ ಪಡೆದ ಜಾಗ. ಹೆಚ್ಚು ಆಳವಿಲ್ಲ. ಮೀನು ನೋಡಲು ಬೆಳಗಿನ ಹೊತ್ತೇ ಒಳ್ಳೆಯದು. ಗಾಳಿ ಏಳುವ ಮೊದಲು ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನ ಅಲೆ ಮರಳನ್ನು ಕಲಕಿದರೆ ಮಜ್ಜಿಗೆಯೊಳಗೆ ಇಣುಕಿದಂತೆ.

ಅಪ್ಪುವಿಗೆ ಲೈಫ್ ಜಾಕೆಟ್ ತೊಡಿಸಿ, ಅಮ್ಮನ ಕೈ ಹಿಡಿಸಿ ಇಳಿಸಿದೆವು. ಹೊರಬಂದವನು ಉಸಿರು ತೆಗೆಯದೆ ವರದಿ ಒಪ್ಪಿಸಿದ. ಹಳದಿ ಪಟ್ಟೆಯ ಮೀನು, ಆಮೆಯೊಂದು, ಗಿಳಿಯ ಕೊಕ್ಕಿನಂಥ ಬಾಯಿಯ ಹಸಿರು-ನೀಲಿ ಮೀನು. ಆ ಕೊಕ್ಕಿನ ಮೀನಿಗೆ ಪ್ಯಾರಟ್ ಫಿಶ್ ಎನ್ನುತ್ತಾರೆ. ಪಾಚಿಗಾಗಿ ಹವಳವನ್ನು ಕೆರೆದು ತಿನ್ನುತ್ತದೆ. ಹವಳದ ಪುಡಿ ಅದರ ಹೊಟ್ಟೆಯಿಂದ ಮರಳಾಗಿ ಹೊರಬರುತ್ತದೆ. "ಹಾಗಾದರೆ ಬಿಳಿ ಮರಳೆಲ್ಲ ಮೀನಿನ ಕಕ್ಕವಾ?" ಎಂದು ಅಪ್ಪು ಕಿರುಚಿದ. ಎಲ್ಲವೂ ಅಲ್ಲ, ಆದರೆ ಒಂದು ಪಾಲು ಹೌದು!

ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ವಠಾರ. 1998ರಲ್ಲಿ ಕಡಲಿನ ನೀರು ವಿಪರೀತ ಬಿಸಿಯಾಗಿ ಹಿಕ್ಕಡುವದ ಹವಳ ಬಹುಪಾಲು ಬೆಳ್ಳಗಾಗಿ ಸತ್ತಿತು. ಉಳಿದದ್ದರ ಮೇಲೆ ಜನ ಕಾಲಿಟ್ಟರೆ ಮುರಿಯುತ್ತದೆ, ನಮ್ಮ ಕಾಲೂ ಕೊಯ್ಯುತ್ತದೆ. ಆಮೆಗೆ ಪಾಚಿ ತಿನ್ನಿಸಿ ಫೋಟೊ ತೆಗೆಸಿಕೊಳ್ಳುವವರೂ ಇದ್ದರು. ಕಾಡುಪ್ರಾಣಿಗೆ ಕೈತುತ್ತು ಅಭ್ಯಾಸ ಮಾಡಿಸಬಾರದೆಂದು ನಾವು ದೂರದಿಂದಲೇ ನೋಡಿದೆವು.

ಮೂರನೆಯ ದಿನ ಚಿನ್ನುವಿನದು. ಟುಕ್‌ಟುಕ್ ಹತ್ತಿ ವೆಲಿಗಮದ ಕಡೆಗೆ ಹೊರಟೆವು. ದಾರಿಯಲ್ಲಿ ಒಂದು ಬೀಚು ಕಂಡಿತು. ಚಿನ್ನುವಿನ ಫೋನಿನ ಚಿತ್ರದ ಹಾಗೆಯೇ ಇತ್ತು. ಒಬ್ಬರೂ ಇಲ್ಲ. "ಹತ್ತು ನಿಮಿಷ ಅಜ್ಜಿ, ಪ್ಲೀಸ್!" ಗಾಡಿ ನಿಲ್ಲಿಸಿದೆವು. ಎಡಕ್ಕೂ ಬಲಕ್ಕೂ ಅಲೆ ಬೆಳ್ಳಗೆ ಒಡೆಯುತ್ತಿತ್ತು. ನಡುವೆ ಹತ್ತಿಪ್ಪತ್ತು ಹೆಜ್ಜೆ ಅಗಲದ ಜಾಗದಲ್ಲಿ ಮಾತ್ರ ನೀರು ಕಪ್ಪುನೀಲಿಯಾಗಿ ಸಮತಟ್ಟಾಗಿತ್ತು. "ಅಲ್ಲಿ ಅಲೆ ಇಲ್ಲ, ಅಲ್ಲಿಯೇ ಇಳಿಯೋಣ" ಎಂದಳು ಚಿನ್ನು. ನನಗೂ ಅದೇ ಸರಿ ಅನ್ನಿಸಿತು.

ತೀರದಲ್ಲಿ ಬಲೆ ಸರಿಮಾಡುತ್ತಿದ್ದ ಮುದುಕರೊಬ್ಬರು ಎದ್ದು ಬಂದರು. ಎರಡೂ ಕೈ ಬೀಸಿ "ಎಪಾ! ಎಪಾ!" ಎಂದರು. ಸಿಂಹಳದಲ್ಲಿ ಬೇಡ ಎಂದು. ಚಿನ್ನು ಮುಖ ಊದಿಸಿಕೊಂಡಳು. ಆತ ಸುತ್ತ ನೋಡಿ, ಯಾರೋ ಕುಡಿದು ಬಿಸಾಡಿದ್ದ ಕೆಂದಾಳಿ ಬೊಂಡವೊಂದನ್ನು ಎತ್ತಿ ಆ ಸಮತಟ್ಟಾದ ನೀರಿಗೆ ಎಸೆದರು. ದಡಕ್ಕೆ ಬರುತ್ತದೆಂದು ನಾವು ಕಾದೆವು. ಬರಲಿಲ್ಲ. ಯಾರೋ ಹಗ್ಗ ಕಟ್ಟಿ ಎಳೆದಂತೆ ನೆಟ್ಟಗೆ ಕಡಲಿನ ಕಡೆಗೆ ಹೋಯಿತು. ಅಲೆಗಳನ್ನು ದಾಟಿತು. ನಾನು ಅರವತ್ತು ಎಣಿಸುವಷ್ಟರಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯಾಯಿತು.

ನನ್ನ ಕೈಕಾಲು ತಣ್ಣಗಾದವು. ಈ ನೀರನ್ನು ನಾನು ಮೊದಲೇ ನೋಡಿದ್ದೆ.

ನನಗಾಗ 11 ವರ್ಷ. ನೂಲ ಹುಣ್ಣಿಮೆಯ ದಿನ ನಮ್ಮೂರಿನವರು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಡುತ್ತಿದ್ದರು. ತೇಲುವ ಕಾಯಿ ಹಿಡಿಯಲು ಹುಡುಗರು ಇಳಿಯುವುದಿತ್ತು. ದೊಡ್ಡಪ್ಪನ ಮಗ, ನಾವು ಸಣ್ಣಣ್ಣ ಎನ್ನುತ್ತಿದ್ದವನು, ಅಬ್ಬರದ ಅಲೆಯ ಕಡೆ ಹೋಗಲಿಲ್ಲ. ಅವನು ಜಾಣ. ಅಲೆಯಿಲ್ಲದ ಜಾಗ ನೋಡಿ ಇಳಿದ. ಕಾಯಿ ಮುಂದೆ ಮುಂದೆ ಹೋಯಿತು, ಅವನೂ ಹೋದ. ಆಮೇಲೆ ಹಿಂದಕ್ಕೆ ಈಜತೊಡಗಿದ. ಈಜಿದ, ಈಜಿದ, ಇದ್ದಲ್ಲೇ ಇದ್ದ. ದಡದಲ್ಲಿ ನಾವೆಲ್ಲ ಕೂಗುತ್ತಿದ್ದೆವು. 14 ವರ್ಷದ ಸಣ್ಣಣ್ಣ ಅವತ್ತು ಮನೆಗೆ ಬರಲಿಲ್ಲ. "ಕಡಲು ಕರೆಯಿತು" ಎಂದರು ಹಿರಿಯರು. ಕಡಲಿಗೆ ಕಣ್ಣಿದೆ, ಹಸಿವಿದೆ ಎಂದು ನಾನೂ ನಂಬಿದೆ. 55 ವರ್ಷ ನಂಬಿದೆ.

ಮರಳಿನ ಮೇಲೆ ಕೂತು ಮಕ್ಕಳಿಗೆ ಇದನ್ನು ಹೇಳಿದೆ. ಮಗಳಿಗೂ ಅವತ್ತೇ ಗೊತ್ತಾದದ್ದು. ಮುದುಕರು ಕಡ್ಡಿಯಿಂದ ಮರಳಿನಲ್ಲಿ ಗೆರೆ ಎಳೆದರು, ಟುಕ್‌ಟುಕ್ ಚಾಲಕ ಇಂಗ್ಲಿಷಿನಲ್ಲಿ ವಿವರಿಸಿದ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ಆಳವಾದ ಓಣಿಯೊಂದನ್ನು ಹಿಡಿದು ಹೊಳೆಯಂತೆ ಹೊರಗೆ ಓಡುತ್ತದೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ. ನೋಡುವವರಿಗೆ ಅದೇ ಸುರಕ್ಷಿತ ಅನ್ನಿಸುತ್ತದೆ. ಆ ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಎದುರಾಗಿ ಈಜಿದವರು ದಣಿದು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಹೆದರದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ದಡದ ಉದ್ದಕ್ಕೆ ಅಡ್ಡ ಈಜಿ ಓಣಿಯಿಂದ ಹೊರಬರಬೇಕು.

ಸಣ್ಣಣ್ಣನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಭೂಗೋಳ ಕಲಿಸಿದ ನಾನೂ ನನ್ನ ಮಕ್ಕಳಿಗೆ ಹೇಳಲಿಲ್ಲ. "ಕಡಲಿಗೆ ಹೋಗಬೇಡಿ" ಎಂದಷ್ಟೇ ಹೇಳಿದ್ದೆ. ಆ ಹಿರಿಯರಿಗೆ ಕೈ ಮುಗಿದೆ. ಅವರು ನಕ್ಕು ಬಲೆಯ ಕಡೆಗೆ ಹೋದರು.

ವೆಲಿಗಮ ಅಲ್ಲಿಂದ ದೂರವಿರಲಿಲ್ಲ. ಹೆಸರಿನ ಅರ್ಥವೇ ಮರಳಿನ ಊರು. "ಗಮ" ಎಂದರೆ ನಮ್ಮ ಗ್ರಾಮವೇ. ಅಗಲವಾದ ಕೊಲ್ಲಿ, ತಳವೆಲ್ಲ ಮರಳು, ಇಳಿಜಾರು ನಿಧಾನ. ಅಲೆ ದೂರದಲ್ಲೇ ಒಡೆದು ನೊರೆಯಾಗಿ ಉರುಳುತ್ತ ಬರುತ್ತದೆ. ಸರ್ಫಿಂಗ್ ಕಲಿಯುವವರಿಗೆ ಬೇಕಾದದ್ದು ಇಂಥದ್ದೇ. ಹವಳದ ಮೇಲೆ ಬಿದ್ದರೆ ಮೈ ಗೀರಿಹೋಗುತ್ತದೆ, ಮರಳಿನ ಮೇಲೆ ಬಿದ್ದರೆ ಮೂಗಿಗೆ ಉಪ್ಪುನೀರು ಅಷ್ಟೇ.

ಕಲಿಸುವ ಹುಡುಗ ಮೊದಲು ಅರ್ಧ ಗಂಟೆ ಒಣ ಮರಳಿನ ಮೇಲೆಯೇ ಅಭ್ಯಾಸ ಮಾಡಿಸಿದ. ಮಲಗು, ಎದೆಯ ಪಕ್ಕ ಕೈ ಊರು, ಜಿಗಿದು ಏಳು, ಅಡ್ಡ ನಿಲ್ಲು. ಆಮೇಲೆ ಮೆತ್ತನೆಯ ಹಲಗೆ ಹಿಡಿದು ಸೊಂಟದ ಆಳದ ನೀರಿಗೆ ಕರೆದೊಯ್ದ. ಚಿನ್ನು ಬಿದ್ದದ್ದನ್ನು ಅಪ್ಪು ಹದಿನೇಳರವರೆಗೆ ಎಣಿಸಿ ಬಿಟ್ಟುಬಿಟ್ಟ. ಅದರ ನಂತರ ಒಮ್ಮೆ ಅವಳು ಎದ್ದು ನಿಂತಳು. ನಾಲ್ಕೈದು ಸೆಕೆಂಡು ಇರಬಹುದು. ನಾನು ಛತ್ರಿ ಬಿಟ್ಟು ಚಪ್ಪಾಳೆ ತಟ್ಟಿದೆ.

ಹೊರಡುವ ದಿನ ಬೆಳಿಗ್ಗೆ ಉನಾವಟುನದಲ್ಲಿ ಬೇಗ ಎದ್ದೆ. ಮಗಳ ಚೂಡಿದಾರ ಹಾಕಿಕೊಂಡು, ಲೈಫ್ ಜಾಕೆಟ್ ಬಿಗಿದುಕೊಂಡು, ಎಡಗೈ ಚಿನ್ನುವಿಗೆ, ಬಲಗೈ ಅಪ್ಪುವಿಗೆ ಕೊಟ್ಟು ನೀರಿಗಿಳಿದೆ. ಮೊಣಕಾಲು ದಾಟಿತು. ಸೊಂಟ ದಾಟಿತು. "ಹಿಂದಕ್ಕೆ ಒರಗು ಅಜ್ಜಿ, ನಾವಿದ್ದೇವೆ" ಎಂದಳು ಚಿನ್ನು. ಒರಗಿದೆ. ಕಾಲು ತಾನಾಗಿ ಮೇಲೆ ಬಂತು. ಕಿವಿಯೊಳಗೆ ನೀರು, ಮೇಲೆ ಆಕಾಶ. ತೇಲುತ್ತಿದ್ದೆ. ಸಣ್ಣಣ್ಣನ ನೆನಪಾಯಿತು. ಹೆದರಿಕೆ ಆಗಲಿಲ್ಲ.

ಊರಿಗೆ ಬಂದ ಮೇಲೆ ಚಿನ್ನು ಹೇಳಿದಳು, ಸರ್ಫಿಂಗ್ ನಮ್ಮ ಮೂಲ್ಕಿಯಲ್ಲೂ ಕಲಿಸುತ್ತಾರಂತೆ. ಬರುವ ರಜೆಗೆ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿದೆ. ದಡದಲ್ಲಿ ಕಾವಲು ಕೂರುವುದು ನಾನೇ.

ಚಿನ್ನುವಿನ ಪುಸ್ತಕದಿಂದ: ನೀರಿಗಿಳಿಯುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಇದು ಯಾವ ತಿಂಗಳು? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ?

2. ನಾನು ಮಾಡುವುದೇನು? ಈಜಲು ದಿಬ್ಬದ ಮರೆಯ ಶಾಂತ ಕೊಲ್ಲಿ, ಮೀನು ನೋಡಲು ಬೆಳಗಿನ ತಿಳಿನೀರು, ಅಲೆ ಸವಾರಿ ಕಲಿಯಲು ಮರಳಿನ ತಳ.

3. ನೀರಿನಲ್ಲಿ ಬೇರೆ ಜನ ಇದ್ದಾರಾ? ಜೀವರಕ್ಷಕರು ಇದ್ದಾರಾ? ಕೆಂಪು ಬಾವುಟ ಇದ್ದರೆ ಇಳಿಯುವುದೇ ಇಲ್ಲ.

4. ಅಲೆಗಳ ನಡುವೆ ಕಪ್ಪಾಗಿ, ಸಮತಟ್ಟಾಗಿ ಕಾಣುವ ಓಣಿ ಇದೆಯಾ? ಹತ್ತು ನಿಮಿಷ ನಿಂತು ನೋಡಿದೆನಾ?

5. ಊರಿನ ಮೀನುಗಾರರನ್ನು ಕೇಳಿದೆನಾ? ಅವರು "ಎಪಾ" ಎಂದರೆ ಮುಖ ಊದಿಸಬಾರದು.