ಕಡ್ಡಿಗಿಂತ ಮೊದಲು ಬೆಂಕಿ

ಹುಬ್ಬಳ್ಳಿಯ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ಉಸ್ತಾದರು ನನ್ನ ಕೈಗೆ ಫಿಲ್ಲರ್ ಕಡ್ಡಿಯನ್ನೇ ಕೊಡಲಿಲ್ಲ. ಒಂದು ತುಂಡು ತಗಡು, ಗ್ಯಾಸ್ ಟಾರ್ಚು, ಬಣ್ಣದ ಗಾಜಿನ ಕನ್ನಡಕ, ಅಷ್ಟೇ. "ಕಡ್ಡಿ ಆಮ್ಯಾಲ. ಮೊದಲ ಬೆಂಕಿ ನೋಡು, ತಮ್ಮಾ" ಅನ್ನುತ್ತಿದ್ದರು.

ಬೆಂಕಿ ನೋಡುವುದೇ ಒಂದು ವಿದ್ಯೆ. ಮೊದಲು ಅಸಿಟಲೀನ್ ಬಿಟ್ಟು ಹೊತ್ತಿಸಿದರೆ ಹಳದಿ ಜ್ವಾಲೆ, ಸುತ್ತೆಲ್ಲ ಮಸಿಯ ಎಳೆಗಳು. ಆಕ್ಸಿಜನ್ ವಾಲ್ವನ್ನು ಮೆಲ್ಲಗೆ ತಿರುಗಿಸಿದಂತೆ ಜ್ವಾಲೆ ನೀಲಿಯಾಗುತ್ತದೆ, ನಡುವಿನ ಬಿಳಿ ಮೊನೆಯ ಮುಂದೆ ಗರಿಯಂಥದ್ದೊಂದು ಅಲುಗುತ್ತದೆ. ಆ ಗರಿ ಕುಗ್ಗಿ ಮೊನೆಯೊಳಗೆ ಸೇರಿದ ಕ್ಷಣವೇ ಕೈ ನಿಲ್ಲಬೇಕು. ಅದೇ ನ್ಯೂಟ್ರಲ್ ಜ್ವಾಲೆ; ಮೊನೆಯ ತುದಿಯಲ್ಲಿ ಶಾಖ 3,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆಕ್ಸಿಜನ್ ಹೆಚ್ಚಾದರೆ ಬುಸುಗುಟ್ಟಿ ಕಬ್ಬಿಣವನ್ನು ಸುಡುತ್ತದೆ. ಕಡಿಮೆಯಾದರೆ ಇಂಗಾಲ ಸೇರಿ ಬೆಸುಗೆ ಪೆಡಸಾಗುತ್ತದೆ.

ತಗಡು ಕೆಂಪಾಗಿ, ಬೆವರಿದಂತಾಗಿ, ಆಮೇಲೆ ಪುಟ್ಟ ಹೊಂಡವಾಗಿ ಮಿನುಗುತ್ತದೆ. ಆ ಹೊಂಡವನ್ನು ಗೆರೆ ತಪ್ಪದಂತೆ ನಡೆಸಿಕೊಂಡು ಹೋಗಬೇಕು. ತುಸು ನಿಂತರೆ ತೂತು, ಅವಸರಿಸಿದರೆ ಬರೀ ಮೇಲುಮೇಲಿನ ಕರಗು. ಎಷ್ಟು ತಗಡು ತೂತು ಮಾಡಿದೆನೋ! ಮುಂದೆ ಟಿಗ್ ವೆಲ್ಡಿಂಗ್ ಕಲಿಯಲು ಕೂತಾಗ ಬಲಗೈಲಿ ಟಾರ್ಚು, ಎಡಗೈಲಿ ಕಡ್ಡಿ, ನಡುವೆ ಅದೇ ಹೊಂಡ. ಜ್ವಾಲೆಯ ಜಾಗಕ್ಕೆ ಕರೆಂಟಿನ ಆರ್ಕ್ ಬಂದಿತ್ತು, ಅಷ್ಟೇ. ಕೈಗೆ ಹೊಸದಾಗಿ ಹೇಳಿಕೊಡುವುದು ಹೆಚ್ಚೇನೂ ಇರಲಿಲ್ಲ.

ಆಗ ಮೂಲೆಯಲ್ಲಿ ಕಾರ್ಬೈಡ್ ಡ್ರಮ್ಮು ಇರುತ್ತಿತ್ತು. ಕಲ್ಲಿಗೆ ನೀರು ಬಿದ್ದು ಗ್ಯಾಸು ಏಳುವಾಗ ಬೆಳ್ಳುಳ್ಳಿಯಂಥ ವಾಸನೆ. ಉಳಿದ ಸುಣ್ಣದ ರಾಡಿಯನ್ನೇ ಖಂಡೇ ಪೂಜೆಗೆ ಗೋಡೆಗೆ ಬಳಿಯುತ್ತಿದ್ದೆವು. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಈಗ ಹೆಗಲಿಗೆ ಹಾಕಿಕೊಂಡು ನಡೆಯುವಷ್ಟು ಹಗುರವಾದ ಇನ್ವರ್ಟರ್ ಮಷಿನ್ನು ಬಂದಿದೆ. ಕೆಲಸ ಬೇಗ, ಸಿಲಿಂಡರಿನ ಭಯವಿಲ್ಲ, ಅದನ್ನು ದೂರಲಾರೆ. ಆದರೆ ಮೊದಲ ದಿನವೇ ಆರ್ಕ್ ಹಿಡಿದ ಹುಡುಗನಿಗೆ ಎಷ್ಟು ಆಂಪಿಯರ್ ಇಡಬೇಕೆಂದು ಗೊತ್ತು, ಲೋಹ ಯಾವಾಗ ಕರಗಿತೆಂದು ಗೊತ್ತಿಲ್ಲ. ಕಪ್ಪು ಗಾಜಿನಾಚೆ ಪ್ರಖರ ಬೆಳಕು, ಅದರಡಿ ಕರಗಿದ ಲೋಹವನ್ನು ಮುಚ್ಚುವ ಕಿಟ್ಟ, ಅಂದರೆ ಸ್ಲ್ಯಾಗು. ಹೊಂಡ ಎಲ್ಲಿದೆ ತೋರಿಸು ಎಂದರೆ ತಡವರಿಸುತ್ತಾನೆ. ಗ್ಯಾಸಿನ ಬೆಂಕಿ ನಿಧಾನ. ಆ ನಿಧಾನದಲ್ಲೇ ಕಣ್ಣು ಪಳಗುತ್ತಿತ್ತು.

ಐಟಿಐ ಪಠ್ಯದಲ್ಲಿ ಗ್ಯಾಸ್ ವೆಲ್ಡಿಂಗ್ ಇನ್ನೂ ಇದೆ. ಅದನ್ನು ಶಾಸ್ತ್ರಕ್ಕೆಂದು ಮುಗಿಸಬೇಡಿ. ಗ್ಯಾರೇಜಿನ ಮಾಲೀಕರೇ, ಮೇಷ್ಟ್ರೇ, ಹೊಸ ಹುಡುಗರ ಕೈಗೆ ಒಂದು ವಾರ ಟಾರ್ಚು, ಬರೀ ತಗಡು ಕೊಡಿ. ಮಷಿನ್ನು ಆಮೇಲೆ ಕೊಟ್ಟರಾಯಿತು.